ಅವ್ವನಿದ್ದ ಪಾಲು

ಇಚಲಕರಂಜಿಯಲ್ಲಿ ಮಗ್ಗ ನಡೆಸುತ್ತಿದ್ದ ದುಂಡಪ್ಪನಿಗೆ ಕುಡಿತವಿರಲಿಲ್ಲ, ಇಸ್ಪೀಟಿರಲಿಲ್ಲ, ಸೋಮವಾರ ಒಪ್ಪತ್ತು ತಪ್ಪುತ್ತಿರಲಿಲ್ಲ. ಇಂಥ ಮನುಷ್ಯ ಜೀವಮಾನದಲ್ಲಿ ಒಂದೇ ಒಂದು ಚಾಲಾಕಿ ಮಾಡಿದ, ಅದರಲ್ಲಿ ಗೆದ್ದ. ಸೋತಿದ್ದರೆ ಸುಖವಾಗಿರುತ್ತಿದ್ದ ಎಂದು ಎದುರುಮನೆಯವನಾದ ನನಗೆ ಇಂದಿಗೂ ಅನಿಸುತ್ತದೆ.

ಹೆಂಡತಿ ಗೌರವ್ವ ಗಡಹಿಂಗ್ಲಜದವಳು. ತವರಿನ ಬಂಗಾರ ಮಾರಿ ಜಾಗ ಕೊಂಡವಳು ಅವಳು, ಅದರ ಮೇಲೆ ಗೋಡೆ ಎಬ್ಬಿಸಿದವನು ಅವನು. ಹಾಗಾಗಿ ಮನೆ ಇಬ್ಬರ ಹೆಸರಿನಲ್ಲಿತ್ತು. ಆದರೆ ಸಂಸಾರ ಎಣ್ಣೆ ಸೀಗೆಕಾಯಿ. ಕಾರಣ ಕೇಳಿದರೆ ಇಬ್ಬರೂ ಬೇರೆ ಬೇರೆ ಹೇಳುತ್ತಿದ್ದರು, ಮತ್ತು ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಮಕ್ಕಳಾಗಲಿಲ್ಲ. ಐವತ್ತೊಂಬತ್ತನೇ ಇಸವಿಯಲ್ಲಿ ಬೇರೆಯಾಗುವುದೆಂದು ಗಟ್ಟಿಮಾಡಿದರು. ಮಾರಲು ಇಬ್ಬರೂ ಒಪ್ಪಲಿಲ್ಲ, ಬಿಟ್ಟು ಹೋಗಲೂ ಒಪ್ಪಲಿಲ್ಲ. ಓಣಿಯ ಹಿರಿಯ ಬಾಪೂಸಾಹೇಬರನ್ನು ಕರೆಸಿದರು.

ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾಗುವಾಗ ಒಂದು ಪದ್ಧತಿ ಇದೆ. ಒಬ್ಬ ಪಾಲು ಮಾಡಬೇಕು, ಇನ್ನೊಬ್ಬ ಮೊದಲು ಆರಿಸಬೇಕು. ಮಾಡುವವನು ಮೋಸ ಮಾಡಿದರೆ ಕೆಟ್ಟ ಪಾಲು ಅವನ ಕೊರಳಿಗೇ ಬೀಳುತ್ತದೆ. ಗಂಡಹೆಂಡತಿಗೂ ಅದೇ ಆಗಲಿ ಎಂದರು ಬಾಪೂಸಾಹೇಬರು.

"ದುಂಡಪ್ಪಾ, ನೀ ಗೆರಿ ಹೊಡಿ. ಗೌರವ್ವ ಆರಸ್ತಾಳ. ಆಮ್ಯಾಲ ತಕರಾರ ನಡ್ಯಾಂಗಿಲ್ಲ."

ದುಂಡಪ್ಪ ಸುಣ್ಣದ ಪುಡಿ ಹಿಡಿದು ಮನೆಯ ನಡುವೆ ಅಡ್ಡಗೆರೆ ಹಾಕಿದ. ಬೀದಿಗೆ ತೆರೆದ ಪಡಸಾಲೆ, ಅಂಗಳ, ಅಂಗಳದ ನಳ, ಗಾಳಿ, ಬೆಳಕು ಎಲ್ಲಾ ಗೆರೆಯ ಈಚೆ. ಆಚೆಗೆ ಉಳಿದದ್ದು ಕತ್ತಲೆಯ ಅಡಿಗೆಮನೆ, ಬಚ್ಚಲು, ಒಂದು ಸಣ್ಣ ಕೋಣೆ, ಹಿಂದಿನ ಸಂದಿಗೆ ಒಂದು ಬಾಗಿಲು. ಬಾಪೂಸಾಹೇಬರೇ ಹುಬ್ಬೇರಿಸಿದರು. ಇವನಿಗೇನು ತಲೆ ಕೆಟ್ಟಿದೆಯೇ, ಅವಳು ಮುಂದಿನದನ್ನು ಆರಿಸಿದರೆ ಗತಿಯೇನು ಎಂದು ನಾನೂ ಅಂದುಕೊಂಡೆ.

ಆ ಸಣ್ಣ ಕೋಣೆಯಲ್ಲಿ ದುಂಡಪ್ಪನ ತಾಯಿ ಕಲ್ಲವ್ವ ಇದ್ದಳು. ಎರಡೂ ಕಣ್ಣು ಹೋಗಿದ್ದವು. ಮಲಗುವ ಹೊರಸಿನಿಂದ ಒಲೆಗೆ, ಒಲೆಯಿಂದ ಬಚ್ಚಲಿಗೆ ಗೋಡೆ ಸವರುತ್ತ ಯಾರ ಹಂಗಿಲ್ಲದೆ ಓಡಾಡುತ್ತಿದ್ದಳು. ಬೇರೆ ಕಡೆ ಕೂರಿಸಿದರೆ ಮುದುಕಿ ಇದ್ದಲ್ಲೇ ಮುದುಡುತ್ತಿದ್ದಳು. ಅವಳು ಹಿಂದಿನ ಪಾಲಿನವಳು ಎಂಬುದು ಎಲ್ಲರಿಗೂ ತಿಳಿದ ಮಾತು. ಅತ್ತೆಯನ್ನು ಗೌರವ್ವ ಬಿಡುವುದಿಲ್ಲ ಎಂಬುದು ಮಾತ್ರ ದುಂಡಪ್ಪನಿಗಷ್ಟೇ ತಿಳಿದಿತ್ತು.

ಗೌರವ್ವ ಗೆರೆ ನೋಡಿದಳು, ಗಂಡನ ಮುಖ ನೋಡಿದಳು.

"ಹಿಂದಿಂದು ನನಗಿರಲಿ," ಅಂದಳು.

ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ನಡುವಿನ ಬಾಗಿಲು ಮುಚ್ಚಿ ಗೋಡೆ ಎದ್ದಿತು. ಪಡಸಾಲೆಯಲ್ಲಿ, ಅದೇ ಗೋಡೆಗೆ ಒತ್ತಿ ದುಂಡಪ್ಪ ವಿದ್ಯುತ್ ಮಗ್ಗ ಕೂಡಿಸಿದ. ಅದು ನಡೆದರೆ ಗೋಡೆಯೆಲ್ಲ ಗಡಗಡ.

ಮೊದಮೊದಲು ಹಿಂದಿನ ಸಂದಿಯಿಂದ ಸುತ್ತಿ ಹೋಗಿ ತಾಯಿಯನ್ನು ಮಾತಾಡಿಸಿ ಬರುತ್ತಿದ್ದ. ಒಂದು ದಿನ ಮುದುಕಿ ಅವನ ಕೈ ಹಿಡಿದು, ಬಾಗಿಲಿದ್ದ ಜಾಗಕ್ಕೆ ತಾನೇ ಸವರುತ್ತ ಕರೆದುಕೊಂಡು ಹೋದಳು.

"ಇಲ್ಲಿ ಬಾಗಲಾ ಇತ್ತಲ್ಲೋ ತಮ್ಮಾ. ಯಾಕ ಮುಚ್ಚೀದಿ?"

ದುಂಡಪ್ಪ ಕೈ ಬಿಡಿಸಿಕೊಂಡು ಬಂದ. ಆಮೇಲೆ ದೀಪಾವಳಿಗೆ, ಯುಗಾದಿಗೆ ಹೋಗಿ ಹೊಸ್ತಿಲ ಹೊರಗಿನಿಂದಲೇ ಎರಡು ಮಾತಾಡಿ ಬರುವುದಾಯಿತು. ನನಗೆ ಇದು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಗೌರವ್ವ ಅತ್ತೆಗೆ ಎರೆಯಲು ಓಣಿಯ ತುದಿಯ ಬಾವಿಯಿಂದ ನೀರು ಹೊರುತ್ತಿದ್ದಳು, ಇವನ ನಳದ ಮುಂದಿನಿಂದಲೇ. ಒಮ್ಮೆ ದುಂಡಪ್ಪ ತಡೆದ.

"ಇಲ್ಲೇ ತುಂಬಕೋ. ಯಾರ ಬ್ಯಾಡ ಅಂದಾರ?"

"ಭಾಗ ಆಗೇತ್ರಿ," ಎಂದು ಕೊಡ ಸರಿಮಾಡಿಕೊಂಡು ಅವಳು ಹೋದಳು.

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನೂ ಒದರಾಡಿ ಹಗುರಾಗುತ್ತಿದ್ದ. ಅಂದಿನಿಂದ ಅವಳ ಕೊಡ ಕಂಡರೆ ಮುಖ ತಿರುಗಿಸುತ್ತಿದ್ದ. ನಾನು ಸುಮ್ಮನೆ "ಮನಿ ಹ್ಯಾಂಗೈತಿ ದುಂಡಪ್ಪಾ?" ಅಂದರೂ ಸಾಕು, "ಭಾಗ ಹಿರ್ಯಾರ ಮುಂದನ ಆಗೇತಲ್ಲ!" ಎಂದು ಮೈಮೇಲೆ ಬರುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಅರವತ್ತಾರರ ಬೇಸಿಗೆಯಲ್ಲಿ ಕಲ್ಲವ್ವ ತೀರಿಕೊಂಡಳು. ಮಣ್ಣು ಕೊಟ್ಟು, ದಿನಕರ್ಮ ಮುಗಿದ ಮೇಲೆ ದುಂಡಪ್ಪ ಹಿಂದಿನ ಬಾಗಿಲಿಗೆ ಹೋದ. ಬಾಪೂಸಾಹೇಬರೂ ತೀರಿಹೋಗಿದ್ದರಿಂದ ಸಾಕ್ಷಿಗೆ ನನ್ನನ್ನು ಕರೆದುಕೊಂಡ. ಅಷ್ಟು ಸಣ್ಣ ದನಿ ಅವನದೆಂದು ನನಗೆ ಗೊತ್ತೇ ಇರಲಿಲ್ಲ.

"ನಾ ಮಾಡಿದ್ದು ತಪ್ಪು. ಅವ್ವನ್ನ ಮುಂದ ಮಾಡಿ ನಿನಗ ಮೋಸ ಮಾಡ್ದೆ. ಈಗ ನೀ ಗೆರಿ ಹೊಡಿ, ನಾ ಆರಸ್ತೀನಿ."

ಗೌರವ್ವ ಸೆರಗಿಗೆ ಕೈ ಒರೆಸಿಕೊಂಡಳು. "ಹೊಸಾ ಗೆರಿ ಯಾಕ? ಅದ ಗೆರಿ ಇರಲಿ. ಆರಸ್ರಿ."

"ಹಿಂದಿಂದು," ಅಂದ ದುಂಡಪ್ಪ.

ಮಾರನೆಯ ದಿನ ಮಗ್ಗ ನಿಲ್ಲಿಸಿದ. ಅದನ್ನು ಬಿಚ್ಚಲು ಮಿಸ್ತ್ರಿ ಸಂಜೆಗೆ ಬರುವವನಿದ್ದ. ಅಷ್ಟರಲ್ಲಿ ಹಾಸಿಗೆಯನ್ನಾದರೂ ಸಾಗಿಸೋಣ ಎಂದು ಅವನೂ ನಾನೂ ಹೊರಟೆವು. ಗೌರವ್ವ ತನ್ನ ಪಾತ್ರೆ ಬುಟ್ಟಿಗೆ ತುಂಬುತ್ತಿದ್ದಳು. ದುಂಡಪ್ಪ ಆ ಗೋಡೆಯ ಹಿಂಬದಿಯನ್ನು ಸರಿಯಾಗಿ ಕಂಡದ್ದು ಅಂದೇ. ಸುಣ್ಣದ ಮೇಲೆ ಎದೆಮಟ್ಟದಲ್ಲಿ ಅಂಗೈಯಗಲದ ಒಂದು ಕರಿ ಜಿಡ್ಡು. ಹೊರಸಿನಿಂದ ಅಲ್ಲಿಯವರೆಗೂ ಗೋಡೆಯುದ್ದಕ್ಕೆ ಕೈ ಸವರಿದ ಗುರುತು.

"ಇದೇನು?"

ಗೌರವ್ವ ತಲೆ ಎತ್ತಲಿಲ್ಲ. "ಅತ್ತೀದು. ಮಗ್ಗ ಸುರು ಆದ ಕೂಡ್ಲೆ ಬಂದು ಅಲ್ಲಿ ಕೈ ಇಟ್ಟು ನಿಲ್ತಿದ್ರು. ನನ್ನ ಮಗಾ ದುಡ್ಯಾಕತ್ತಾನ ಅಂತಿದ್ರು. ಮಗ್ಗ ನಿಂತ್ರ, ಗೌರಾ, ಅಂವಾ ಉಣ್ಣಾಕ ಕುಂತನೇನ ಅಂತ ಕೇಳ್ತಿದ್ರು. ನಾ ಹೂಂ ಅಂತಿದ್ದೆ."

"ನನಗ್ಯಾಕ ಹೇಳಲಿಲ್ಲ?"

"ಒಳಗ ಬಂದಿದ್ರ ಹೇಳ್ತಿದ್ದೆ."

ಅವಳು ಬುಟ್ಟಿ ಎತ್ತಿಕೊಂಡು ಹೊರಗೆ ಹೋದಳು. ದುಂಡಪ್ಪ ಹಾಸಿಗೆ ಇಳಿಸಿ, ಆ ಕಲೆಯ ಮೇಲೆ ತನ್ನ ಅಂಗೈ ಒತ್ತಿ ಕಾಯುತ್ತಾ ನಿಂತ. ಆಚೆ ಮಗ್ಗ ನಿಂತಿತ್ತು. ಗೋಡೆ ಅಲುಗಲಿಲ್ಲ.