ಯಾಕವ್ವ ಫರಶಿ ಕಲಿತದ್ದು

ಮರಾಠಿ ಸೀಮೆಯ ದೇಹೂ ರೋಡಿನಲ್ಲಿ, ಕೂಲಿಯವರ ತಗಡಿನ ಶೆಡ್ಡುಗಳಲ್ಲಿ ಹುಲಿಗೆವ್ವನಿಗೆ ‘ಯಾಕವ್ವ’ ಎಂದೇ ಹೆಸರು. ಕಂಡದ್ದಕ್ಕೆಲ್ಲ ‘ಯಾಕ?’ ಎನ್ನುವ ಚಾಳಿ ಅವಳದು. ಗಂಡ ತೀರಿದ ಮೇಲೆ ಯಾದಗಿರಿ ಕಡೆಯಿಂದ ಬಂದವಳು ಹನ್ನೊಂದು ವರ್ಷ ಕಟ್ಟಡಗಳಲ್ಲಿ ಉಸುಕು ಹೊತ್ತಿದ್ದಳು. ನೆಲಕ್ಕೆ ಫರಶಿ ಕಲ್ಲು ಹಾಸುವ ಮೇಸ್ತ್ರಿ ಕಾಶಪ್ಪ ನೀರು ತುಂಬಿದ ಪೈಪು ಹಿಡಿದು ಗೋಡೆಗೆ ಮಟ್ಟದ ಗುರುತು ಹಾಕುತ್ತಿದ್ದರೆ, ಬುಟ್ಟಿ ಇಳಿಸಿ ನಿಂತುಬಿಡುತ್ತಿದ್ದಳು. ಒಂದು ತುದಿ ಎತ್ತಿದರೂ ನೀರು ಎರಡೂ ಕಡೆ ಸಮ ನಿಲ್ಲುತ್ತದಲ್ಲ, ಯಾಕೆ? ಕಾಶಪ್ಪ ನಕ್ಕು, ಪೈಪಿನ ಇನ್ನೊಂದು ತುದಿ ಅವಳ ಕೈಗೇ ಕೊಡುತ್ತಿದ್ದ.

ಕೊರೊನಾದಲ್ಲಿ ಕೆಲಸ ನಿಂತಾಗ ಎಲ್ಲರೂ ಊರು ಸೇರಿದರು. ಎಂಟು ತಿಂಗಳ ಮೇಲೆ ತಿರುಗಿ ಬಂದರೆ ಉಸುಕು ಎತ್ತಲು ಯಂತ್ರ ಬಂದಿತ್ತು. ಹೊರುವ ಹೆಂಗಸರನ್ನು ಕೇಳುವವರಿಲ್ಲ. ಮೊಣಕಾಲು ನೋವಿನ ಕಾಶಪ್ಪ ಊರಲ್ಲೇ ಉಳಿದಿದ್ದ. ಹುಲಿಗೆವ್ವ, ಪಕ್ಕದ ಶೆಡ್ಡಿನ ಶಿವಕಾಂತಾ ಇಬ್ಬರೂ ದಿನಾ ಬೆಳಿಗ್ಗೆ ಚಾಕಣದ ಮಜೂರರ ಅಡ್ಡೆಯಲ್ಲಿ ಕೂಲಿಗೆ ಕರೆಯುವವರಿಗಾಗಿ ಕಾದು ನಿಂತು ಬರಿಗೈಲಿ ಮರಳುತ್ತಿದ್ದರು.

ಒಂದು ದಿನ ಗುತ್ತಿಗೆದಾರ ಪ್ರಲ್ಹಾದ ಫರಶಿ ಹಾಕುವವರನ್ನು ಹುಡುಕುತ್ತ ಬಂದ. ಯಾರೂ ಇರಲಿಲ್ಲ. ಹುಲಿಗೆವ್ವ ಮರಾಠಿಯಲ್ಲಿ, ತನಗೆ ಬರುತ್ತದೆ ಎಂದುಬಿಟ್ಟಳು.

ಶಿವಕಾಂತಾ ಅವಳ ಸೆರಗು ಜಗ್ಗಿದಳು. “ಯಾವಾಗ ಹಾಕೀದಿ ಯಕ್ಕಾ?”

“ಹಾಕಿಲ್ಲವಾ. ನೋಡೀನಿ.”

ಪ್ರಲ್ಹಾದ ಕಾರ್ಮಿಕರ ವಸತಿಯ ಒಂದು ಬಚ್ಚಲು ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಫರಶಿ ಕೂತಿತು, ನೋಡಲು ಚೆಂದವೇ ಇತ್ತು. ಒಂದು ತಂಬಿಗೆ ನೀರು ಚೆಲ್ಲಿದರೆ ಅದು ಮೋರಿಗೆ ಹೋಗದೆ ನಲ್ಲಿಯ ಕೆಳಗೆ ಮಡುಗಟ್ಟಿತು. ನಾಳೆ ಬೇರೆಯವರನ್ನು ತರುತ್ತೇನೆಂದು ಪ್ರಲ್ಹಾದ ಹೊರಟುಹೋದ. ಶಿವಕಾಂತಾಳಿಗೆ ಅಳು ಬಂತು. ಹುಲಿಗೆವ್ವ ಮಾತ್ರ ಹೊಸ್ತಿಲ ಮೇಲೆ ಕುಳಿತು, ಆ ನೀರಿಗೆ ಅಲ್ಲೇ ನಿಲ್ಲುವ ಮನಸ್ಸು ಯಾಕಾಯಿತೆಂದು ನೋಡುತ್ತಿದ್ದಳು. ಆಮೇಲೆ ಕಾಶಪ್ಪನಿಗೆ ವಿಡಿಯೊ ಫೋನು ಹಚ್ಚಿ ಬಚ್ಚಲು ತೋರಿಸಿದಳು. ಫರಶಿಯ ಚೆಂದ ನೋಡದೆ ಅವನು, ಮಟ್ಟ ಎಲ್ಲಿಂದ ಹಿಡಿದೆ ಎಂದು ಕೇಳಿದ. ಬಾಗಿಲಿನಿಂದ, ಎಂದಳು.

“ಮೋರಿಯಿಂದ ಹಿಡೀಬೇಕವಾ. ನೀರು ಎಲ್ಲಿಗಿ ಹೋಗಬೇಕೋ, ಅಲ್ಲಿಂದ ಕೆಲಸ ಸುರು ಮಾಡಬೇಕು.”

ಸಿಮೆಂಟು ಇನ್ನೂ ಹಸಿ ಇತ್ತು. ಇಬ್ಬರೂ ಕಲ್ಲುಗಳನ್ನು ಒಂದೊಂದಾಗಿ ಕಿತ್ತು ತೊಳೆದು, ಮೋರಿಯಿಂದ ಶುರುಮಾಡಿ ಮತ್ತೆ ಕೂಡಿಸಿದರು. ಮರುದಿನ ಪ್ರಲ್ಹಾದ ಒಂದು ಬಕೆಟ್ ನೀರು ಸುರಿದ. ನೀರು ತಿರುಗಿ ನೋಡದೆ ಹೋಯಿತು. ನಂಬಿಕೆ ಬಾರದೆ ಇನ್ನೊಂದು ಸುರಿದ. ಆಮೇಲೆ ಪಕ್ಕದ ಬಚ್ಚಲಿನ ಬಾಗಿಲು ತೆರೆದು ತೋರಿಸಿದ.

ಹೊರುವ ಕೆಲಸ ಹೋದ ಇನ್ನೂ ನಾಲ್ವರು ಸೇರಿ ಈಗ ಅವರದು ಆರು ಹೆಂಗಸರ ಗುಂಪು. ಕಲ್ಲು ಕತ್ತರಿಸುವವಳಿಗೆ ಕೂಡಿಸಲೂ, ಕೂಡಿಸುವವಳಿಗೆ ಮಟ್ಟ ಹಿಡಿಯಲೂ ಬರಬೇಕು. ಜಡ್ಡಾಗಿ ಒಬ್ಬಳು ಮಲಗಿದರೂ ಕೆಲಸ ಮಲಗಬಾರದು. ಹೊಸ ಕಟ್ಟಡ ಇಲ್ಲದ ದಿನಗಳಲ್ಲಿ ಹಳೆಯ ಮನೆಗಳ ಸೋರುವ ಬಚ್ಚಲು ರಿಪೇರಿ ಹಿಡಿಯುತ್ತಾರೆ.

ಮೊನ್ನೆ ಗೋಡೆಯೊಳಗಿನ ಪೈಪಿನಲ್ಲಿ ಕರೆಂಟಿನ ವೈರು ಎಳೆಯುತ್ತಿದ್ದವನ ಹಿಂದೆ ಹುಲಿಗೆವ್ವ ಹೋಗಿ ನಿಂತಿದ್ದಳು. ಉಸುಕು ಹೊರುವ ಕೆಲಸದಂತೆ ಫರಶಿಯೂ ಒಂದು ದಿನ ಕೈಕೊಡಬಹುದು, ಗುಂಪಿನಲ್ಲಿ ಇಬ್ಬರಿಗಾದರೂ ಇದು ಬರಲಿ ಎಂಬುದು ಅವಳ ಲೆಕ್ಕಾಚಾರ. ಕೆಂಪು ವೈರು ಬೇರೆ, ಕಪ್ಪು ವೈರು ಬೇರೆ ಯಾಕೆ ಎಂದು ಕೇಳಿದಳಂತೆ. ಅವನು ಕೆಲಸ ನಿಲ್ಲಿಸಿ, ಕುಳಿತು ಹೇಳತೊಡಗಿದ.