ಟ್ರ್ಯಾಕ್ಟರ್ ಬರುವ ಹೊತ್ತಿಗೆ ಗುಲಾಬಿ

ಹಳಿಯಾಳದ ಕೋರ್ಟಿನಲ್ಲಿ ಅಣ್ಣನ ವಿಡಿಯೊ ಹಾಕಿದ ದಿನ ಅವ್ವ ನನ್ನ ಪಕ್ಕದಲ್ಲೇ ಕೂತಿದ್ದಳು.

ಅಣ್ಣ ತೇರಗಾಂವದಿಂದ ಪೇಟೆಗೆ ಬಂದವನು ಬೇಕರಿ ಮುಂದೆ, ರಸ್ತೆಯ ಅಂಚಿಗೆ ಬೈಕ್ ನಿಲ್ಲಿಸಿ ಅದರ ಮೇಲೇ ಕೂತಿದ್ದ. ಕಬ್ಬಿನ ಟ್ರ್ಯಾಕ್ಟರ್ ಬಂದು ಹೊಡೆಯಿತು, ಅಲ್ಲೇ ಹೋಗಿಬಿಟ್ಟ. ಅವನೇ ಫೋನಿನಲ್ಲಿ ಮಾತಾಡುತ್ತ ಅಡ್ಡ ಬಂದ ಎಂದು ಚಾಲಕ ಹೇಳಿಕೆ ಕೊಟ್ಟ. ನಿಂತ ಬೈಕು ಅಡ್ಡ ಹೇಗೆ ಬರುತ್ತದೆ? ಊರಲ್ಲಿ ಅರ್ಧ ಜನ ಅದನ್ನೇ ನಂಬಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನಡೆದದ್ದನ್ನು ಪೂರ್ತಿ ಕಂಡದ್ದು ಬೇಕರಿಯ ಕ್ಯಾಮೆರಾ ಒಂದೇ. ಮಾಲೀಕ ಪುಣ್ಯಾತ್ಮ, ಆ ವಿಡಿಯೊವನ್ನು ಪೆನ್ ಡ್ರೈವಿಗೆ ಹಾಕಿ ನಮ್ಮ ಸೋದರಮಾವನ ಕೈಗೆ ಕೊಟ್ಟ. ಅಣ್ಣನ ಮೇಲಿನ ಅಪವಾದ ಹೋಯಿತು ಅಂದುಕೊಂಡೆವು.

ನಮ್ಮಲ್ಲಿ ಈಗ ಶಿವಗಣಾರಾಧನೆಯ ದಿನ, ಊಟಕ್ಕೆ ಮೊದಲು, ಪೆಂಡಾಲಿನಲ್ಲಿ ಟಿವಿ ಇಟ್ಟು ತೀರಿಹೋದವರ ವಿಡಿಯೊ ತೋರಿಸುವ ರೂಢಿ ಬಂದಿದೆ. ಮಾವ ಆ ಪೆನ್ ಡ್ರೈವನ್ನೇ ಸ್ಟುಡಿಯೊಗೆ ಕೊಟ್ಟ. ಅಣ್ಣ ಬೈಕಿನ ಮೇಲೆ ಆರಾಮಾಗಿ ಕೂತ ಕೊನೆಯ ಚಿತ್ರ ಅದರಲ್ಲೇ ಇತ್ತಲ್ಲ. ಸ್ಟುಡಿಯೊದವನು ಭಾಳ ಶ್ರದ್ಧೆಯಿಂದ ಕೆಲಸ ಮಾಡಿದ. ಮೊದಲು ಹೂಮಾಲೆ, ಆಮೇಲೆ ಹಾಡು, ಟ್ರ್ಯಾಕ್ಟರ್ ಬರುವ ಹೊತ್ತಿಗೆ ಪರದೆ ತುಂಬ ಗುಲಾಬಿ ಎಸಳು. ಹಳೆಯದನ್ನು ಅಳಿಸಿ ಅದೇ ಪೆನ್ ಡ್ರೈವಿಗೆ ಹೊಸದನ್ನು ತುಂಬಿಕೊಟ್ಟ, ತನ್ನ ಕಂಪ್ಯೂಟರಿನಲ್ಲೂ ಹಳೆಯದನ್ನು ಇಟ್ಟುಕೊಳ್ಳಲಿಲ್ಲ. ನಾವು ಮತ್ತೆ ಬೇಕರಿಗೆ ಓಡಿದರೆ ಅಲ್ಲಿಯ ಮೆಷಿನ್ನಿನಲ್ಲಿ ಆ ದಿನದ್ದೆಲ್ಲ ಆಗಲೇ ಅಳಿದುಹೋಗಿತ್ತು.

“ಅಕ್ಕ ಆ ರಕ್ತಾ ನೋಡಿದ್ರ ಉಳೀತಿದ್ಲೇನು?” ಎಂದ ಮಾವ.

ಉಳಿದದ್ದನ್ನೇ ಕೋರ್ಟಿಗೆ ಕೊಟ್ಟೆವು. ಹಾಡು ಶುರುವಾದಾಗ ಯಾರೋ ಕೆಮ್ಮಿದರು. ಗುಲಾಬಿ ಉದುರಿತು. “ಟ್ರ್ಯಾಕ್ಟರ್ ಎಲ್ಲೈತ್ರಿ ಇದ್ರಾಗ?” ಎಂದು ಆ ಕಡೆಯ ವಕೀಲರು ಕೇಳಿದರು. ಕತ್ತರಿಸಿ ಜೋಡಿಸಿದ್ದು ಸಾಕ್ಷಿಯಾಗುವುದಿಲ್ಲ, ಮೂಲ ವಿಡಿಯೊ ಬೇಕು ಎಂದರು ನ್ಯಾಯಾಧೀಶರು. ಅವರು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದೆ ಕೈ ಹಿಸುಕಿಕೊಳ್ಳುತ್ತ ಕೂತೆ.

ಹೊರಗೆ ಬಂದ ಮೇಲೆ ಮಾವ ಅವ್ವನ ಮುಂದೆ ಅತ್ತುಬಿಟ್ಟ. “ನಿನ್ನ ಸಲುವಾಗಿ ತಗಸಿದ್ನಿ ಅಕ್ಕಾ.”

ಅವ್ವ ಸೆರಗಿನಿಂದ ಅವನ ಮುಖ ಒರೆಸಿದಳು. “ನಾ ನೋಡ್ತಿದ್ನೋ ತಮ್ಮಾ. ನನ್ನ ಮಗನ ರಕ್ತ ನಾ ನೋಡ್ಲಾರ್ದ ಮತ್ಯಾರು ನೋಡ್ಬೇಕಿತ್ತು? ನನ್ನ ಒಂದ್ ಮಾತ್ ಕೇಳ್ಬೇಕಿತ್ತು.”