ಮೊಗ್ಗು ಕೊಯ್ಯದ ಬೆಳಗು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಸುತ್ತ ಮಲ್ಲಿಗೆ ಗಿಡಗಳೇ ಇದ್ದವು. ಆದರೂ ಗಿಡದ ಮೇಲೆ ಅರಳಿ ನಿಂತ ಮಲ್ಲಿಗೆಯನ್ನು ಕಣ್ಣುತುಂಬ ನೋಡಿದ್ದು ಒಂದೇ ಒಂದು ಸಂಜೆ. ಹೂವಿನ ತೋಟದಲ್ಲಿ ಬೆಳೆದವನಿಗೆ ಹೂ ಕಾಣಲಿಲ್ಲವೇ ಎಂದು ನೀವು ನಗುತ್ತೀರಿ. ನಗಿ. ನಾವು ಮಾರುತ್ತಿದ್ದದ್ದು ಮೊಗ್ಗು. ಅದು ಬಿರಿದರೆ ಪೇಟೆಯಲ್ಲಿ ಕೇಳುವವರಿರಲಿಲ್ಲ.

ಕಾಪುವಿನಿಂದ ಒಳಗೆ, ಶಂಕರಪುರದ ಕಡೆ, ಕೆಂಪು ಮಣ್ಣಿನ ಅಂಗಳದ ಮನೆ ನಮ್ಮದು. ಅಪ್ಪ, ಅಕ್ಕ, ನಾನು, ಮೂರೇ ಜನ. ನಾನು ಹುಟ್ಟಿದ ಕೆಲವೇ ದಿನಗಳಲ್ಲಿ ಅಮ್ಮ ತೀರಿಕೊಂಡಿದ್ದರು. ನನ್ನನ್ನು ಎತ್ತಿ ಆಡಿಸಿದ್ದು, ಉಣ್ಣಿಸಿದ್ದು, ಪುಟ್ಟ ಕೈ ಹಿಡಿದು ಶಿಲುಬೆಯ ಗುರುತು ಮಾಡಲು ಕಲಿಸಿದ್ದು ಎಲ್ಲ ಅಕ್ಕ.

ಕತ್ತಲಿರುವಾಗಲೇ ಅಪ್ಪ ಎಬ್ಬಿಸುತ್ತಿದ್ದರು. ಇಬ್ಬನಿಯಲ್ಲಿ ತೊಯ್ದ ಎಲೆಗಳೊಳಗೆ ಕೈ ಹಾಕಿ ಮೊಗ್ಗು ಕೊಯ್ಯುವಾಗ ಬೆರಳ ತುದಿ ಸುಕ್ಕಾಗುತ್ತಿತ್ತು. ಬಿಸಿಲೇರುವ ಮೊದಲು ಕೊಯ್ದು, ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿ, ಸೈಕಲ್ಲಿನಲ್ಲಿ ಬರುವ ಹೂವಿನ ವ್ಯಾಪಾರಿಗೆ ಕೊಡಬೇಕು. ಅದು ಮದುಮಗಳ ಮುಡಿಗೆ, ದೇವಸ್ಥಾನಕ್ಕೆ, ಭೂತದ ಕೋಲಕ್ಕೆ ಹೋಗುತ್ತಿತ್ತು. ಮಲ್ಲಿಗೆಗೆ ಭಾನುವಾರ ಇಲ್ಲ, ಕ್ರಿಸ್ಮಸ್ಸೂ ಇಲ್ಲ. ಇಗರ್ಜಿಗೆ ಹೋಗುವ ದಿನವೂ ಕೊಯ್ದೇ ಹೋಗುತ್ತಿದ್ದೆವು. ನನ್ನ ಬೆರಳುಗಳು ಮೂಗಿನ ಹತ್ತಿರ ಬಂದಾಗಲೆಲ್ಲ ಪೂಜೆಯ ಧೂಪಕ್ಕಿಂತ ಮೊದಲು ಹಸಿ ಮೊಗ್ಗಿನ ವಾಸನೆ ಬರುತ್ತಿತ್ತು.

ಅಪ್ಪನಿಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ನಾವು ಕೂತರೂ ಸಹಿಸುತ್ತಿರಲಿಲ್ಲ. "ಸಮಯ ನಿನ್ನದಲ್ಲ ಮಗಾ, ದೇವರದ್ದು. ಹಾಳು ಮಾಡಿದರೆ ಅಲ್ಲಿ ಹೋಗಿ ಎಂತ ಉತ್ತರ ಹೇಳ್ತಿ?" ಎನ್ನುತ್ತಿದ್ದರು. ಸಂಜೆಯ ಜಪಮಾಲೆ ಮುಗಿಯುವುದೇ ತಡ, ಅವರ ಕೈಗೆ ಬಾಳೆನಾರು ಬಂದಿರುತ್ತಿತ್ತು.

ಅಂಥವರ ಮಗಳು ಒಂದು ದಿನ, ನಾನು ಕನ್ಯಾಸ್ತ್ರೀ ಆಗುತ್ತೇನೆ, ಕಾನ್ವೆಂಟಿಗೆ ಸೇರುತ್ತೇನೆ ಎಂದಳು. ಅಪ್ಪ ಬೇಡ ಎನ್ನಲಿಲ್ಲ. ದೇವರು ಕೇಳಿದ ಮೇಲೆ ಇಲ್ಲ ಎನ್ನುವುದು ಹೇಗೆ ಎಂದಷ್ಟೇ ಹೇಳಿದರಂತೆ. 'ಅಂತೆ' ಎಂದು ಬರೆಯುತ್ತಿದ್ದೇನೆ. ಆ ಮಾತನ್ನು ನಾನೇ ಕೇಳಿದ್ದೋ, ಎಷ್ಟೋ ವರ್ಷಗಳ ಮೇಲೆ ಅಕ್ಕ ಹೇಳಿದ್ದೋ ಈಗ ನನಗೇ ತಿಳಿಯದು. ನನ್ನ ಸಿಟ್ಟು ಮಾತ್ರ ನನ್ನದೇ, ಅದರಲ್ಲಿ ಅನುಮಾನವಿಲ್ಲ. ಊರಲ್ಲಿ ಅಷ್ಟು ಅಕ್ಕಂದಿರಿರುವಾಗ ದೇವರಿಗೆ ನನ್ನ ಅಕ್ಕನೇ ಯಾಕೆ ಬೇಕಾಯಿತು?

ಅವಳು ಹೊರಡುವ ದಿನ ಬಂತು. ಊಟದ ನಂತರ ಒಬ್ಬರು ಸಿಸ್ಟರ್ ಬಂದು ಅವಳನ್ನು ಕರೆದುಕೊಂಡು ಕಾರ್ಕಳದ ದಾರಿಯಾಗಿ ಘಟ್ಟ ಹತ್ತುವವರಿದ್ದರು. ನನಗೆ ಉಳಿದದ್ದು ಒಂದು ಬೆಳಗು. ಅದನ್ನೂ ಮಲ್ಲಿಗೆ ನುಂಗುತ್ತದೆ ಎಂದು ನನಗೆ ಗೊತ್ತಿತ್ತು. ಮದುವೆಗಳ ಕಾಲ, ಗಿಡದ ತುಂಬ ಮೊಗ್ಗು. ಹೂ ಕಟ್ಟುವಾಗ ಅಕ್ಕ ಮಾತಾಡುತ್ತಿರಲಿಲ್ಲ, ಮೊಗ್ಗಿನ ಲೆಕ್ಕ ತಪ್ಪುತ್ತದೆ ಎಂದು.

ಆ ದಿನ ಯಾರೂ ನನ್ನನ್ನು ಎಬ್ಬಿಸಲಿಲ್ಲ. ಕಣ್ಣು ಬಿಟ್ಟರೆ ಹೆಂಚಿನ ಸಂದಿನಿಂದ ಬಿಸಿಲು! ಅಕ್ಕ ಹೋಗಿಯೇಬಿಟ್ಟಳೆಂದುಕೊಂಡೆ. ಹೊರಗೆ ಓಡಿದೆ. ಜಗಲಿಯಲ್ಲಿ ಅಪ್ಪ ಕೂತಿದ್ದರು, ಪಕ್ಕದಲ್ಲಿ ಅಕ್ಕ. ಹೂವಿನ ಬುಟ್ಟಿಗಳು ಮೂಲೆಯಲ್ಲಿ ಬೋರಲು ಬಿದ್ದಿದ್ದವು.

"ಅಪ್ಪ, ಬಿಸಿಲು ಬಂತು. ಈಗಲಾದರೂ ಕೊಯ್ಯುವ," ಎನ್ನುತ್ತಿದ್ದಳು ಅಕ್ಕ.

"ಇವತ್ತು ಬೇಡ."

"ಅಷ್ಟು ಮೊಗ್ಗು ಉಂಟಲ್ಲ ಅಪ್ಪ!"

"ಇರ್ಲಿ. ನೀನು ಕೂತ್ಕೋ."

ನಾನು ಇಬ್ಬರ ನಡುವೆ ನುಸುಳಿ ಕೂತೆ. ಬೇಕೆಂದದ್ದು ಸಿಕ್ಕಿತ್ತು, ಆದರೆ ಅದನ್ನು ಏನು ಮಾಡುವುದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಕ್ಕನ ಬೆರಳುಗಳು ಸೆರಗಿನ ತುದಿಯನ್ನೇ ಹೂವೆಂಬಂತೆ ಕಟ್ಟುತ್ತಿದ್ದವು.

"ಎಂತ ಇದು, ಮೂವರೂ ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದೇವಲ್ಲ," ಎಂದಳು ಅಕ್ಕ. ಮೊದಲು ನಕ್ಕದ್ದು ಅಪ್ಪ.

ಆಮೇಲೆ ಮಾತು ಬಂತು. ಅಪ್ಪ ಅಮ್ಮನ ಬಗ್ಗೆ ಹೇಳಿದರು. ಅದುವರೆಗೆ ಅವರ ಬಾಯಲ್ಲಿ ಆ ಸುದ್ದಿಯನ್ನೇ ನಾನು ಕೇಳಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅಮ್ಮನಿಗೆ ಮಲ್ಲಿಗೆ ಕಟ್ಟಲು ಬರುತ್ತಿರಲಿಲ್ಲವಂತೆ. ಅವರು ಕಟ್ಟಿದ ಹೂವನ್ನು ವ್ಯಾಪಾರಿ ಎತ್ತಿ ಹಿಡಿದರೆ ಮೊಗ್ಗೆಲ್ಲ ಉದುರಿ, ಕೈಯಲ್ಲಿ ಬರೀ ನಾರು ಉಳಿಯುತ್ತಿತ್ತಂತೆ. ಅಕ್ಕ ಬೆಲ್ಲದ ಅವಲಕ್ಕಿ ಕಲಸಿ ತಂದಳು. ನನ್ನ ಉಗುರು ಕತ್ತರಿಸಿದಳು. ತೆಂಗಿನೆಣ್ಣೆ ಹಚ್ಚಿ ತಲೆ ಬಾಚಿದಳು, ಬಾಚಿದ್ದನ್ನು ಕೆದರಿ ಮತ್ತೆ ಬಾಚಿದಳು. ಅವಳ ಬೆರಳು ನನ್ನ ನೆತ್ತಿಯ ಮೇಲೆ ಎಷ್ಟು ಹೊತ್ತು ಇತ್ತು? ಸ್ವಲ್ಪವೇ ಇದ್ದಿರಬೇಕು. ನೆನಪು ಅದನ್ನು ಎಳೆದು ಉದ್ದ ಮಾಡಿದೆ.

ಅಷ್ಟರಲ್ಲಿ ವ್ಯಾಪಾರಿಯ ಸೈಕಲ್ ಬೆಲ್ಲು ಕೇಳಿಸಿತು. ಊರಿನವರು ನಮ್ಮಂಥ ಕ್ರೈಸ್ತರನ್ನು ಪೊರ್ಬುಗಳೆಂದು ಕರೆಯುತ್ತಿದ್ದರು.

"ಎಂತ ಪೊರ್ಬುಗಳೇ, ಇವತ್ತು ರೇಟು ಆಕಾಶದಲ್ಲಿ ಉಂಟು, ನೀವು ಜಗಲಿಯಲ್ಲಿ ಇದ್ದೀರಲ್ಲ! ಎಲ್ಲಿ ಹೂ?"

"ಇವತ್ತು ಇಲ್ಲ," ಎಂದರು ಅಪ್ಪ.

"ಇಲ್ವಾ? ಗಿಡ ಬೆಳ್ಳಗೆ ಕಾಣ್ತದೆ ಮಾರಾಯ್ರೆ! ನನ್ನ ಕಣ್ಣು ಹೋಯ್ತಾ?"

"ಗಿಡದಲ್ಲಿ ಉಂಟು. ಕೊಯ್ಯಲು ನನಗೆ ಸಮಯ ಇಲ್ಲ."

ವ್ಯಾಪಾರಿ ಅಪ್ಪನನ್ನು ನೋಡಿದ. ಕಾಲು ನೀಡಿ, ಕೈ ಕಟ್ಟಿ, ಗೋಡೆಗೆ ಒರಗಿ ಕೂತ ಮನುಷ್ಯ ಸಮಯ ಇಲ್ಲ ಎನ್ನುತ್ತಿದ್ದಾರೆ. ಅವನ ನೋಟ ಬಾಗಿಲ ಬಳಿಯ ತಗಡಿನ ಟ್ರಂಕಿನ ಮೇಲೆ ಬಿತ್ತು. ಮತ್ತೆ ಏನೂ ಕೇಳದೆ ಅಕ್ಕನಿಗೆ, "ಹೋಗಿ ಬಾ ತಂಗಿ," ಎಂದು ಸೈಕಲ್ ತಿರುಗಿಸಿದ.

ಊಟವಾಯಿತು, ಸಿಸ್ಟರ್ ಬಂದರು. ಅಕ್ಕ ಮೊಣಕಾಲೂರಿ ಅಪ್ಪನ ಆಶೀರ್ವಾದ ಪಡೆದಳು. ಬಸ್ಸು ಧೂಳೆಬ್ಬಿಸಿ ಹೋದ ಮೇಲೂ ನಾವಿಬ್ಬರು ರಸ್ತೆಬದಿಯಲ್ಲೇ ನಿಂತಿದ್ದೆವು.

ಬಹಳ ಹೊತ್ತಿನ ಮೇಲೆ ಮನೆಗೆ ಬಂದಾಗ ಸಂಜೆಯಾಗಿತ್ತು. ಗೇಟಿನ ಹತ್ತಿರವೇ ಪರಿಮಳ ತಡೆದು ನಿಲ್ಲಿಸಿತು. ತೋಟ ಇಡೀ ಅರಳಿತ್ತು. ಎಲೆ ಕಾಣದಷ್ಟು ಬಿಳುಪು. ನಾವು ಇಷ್ಟು ವರ್ಷ ಬೆಳೆಸಿದ ಹೂ ಹೀಗಿರುತ್ತದೆ ಎಂದು ನನಗೆ ತಿಳಿದದ್ದೇ ಆಗ.

"ಅಕ್ಕಾ, ಬೇಗ ಬಾ, ನೋಡು ಇಲ್ಲಿ!" ಎಂದು ಕೂಗಿಬಿಟ್ಟೆ.

ಮನೆಯೊಳಗಿನಿಂದ ಯಾರೂ ಬರಲಿಲ್ಲ. ಹಿಂದೆ ನಿಂತಿದ್ದ ಅಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟರು. ಅಂದಿನ ಜಪಮಾಲೆಯನ್ನು ಅವರೇ ನಡೆಸಿದರು. ಅದನ್ನು ನಡೆಸುತ್ತಿದ್ದದ್ದು ಅಕ್ಕ. ಅರ್ಧ ಪ್ರಾರ್ಥನೆ ಅವಳು ಹೇಳಿದರೆ ಉಳಿದರ್ಧ ನಾನೂ ಅಪ್ಪನೂ ಸೇರಿ ಹೇಳುತ್ತಿದ್ದೆವು. ಆ ಸಂಜೆ ಅಪ್ಪನ ದನಿಗೆ ಉತ್ತರವಾಗಿ ಬಂದದ್ದು ನನ್ನೊಂದೇ ಸಣ್ಣ ದನಿ. ಗೋಡೆಗೆ ತಾಗಿ ನನಗೇ ವಾಪಸು ಕೇಳಿಸುತ್ತಿತ್ತು.

ಮರುದಿನ ಕತ್ತಲಲ್ಲೇ ಎದ್ದು ಮೊಗ್ಗಿನ ಜೊತೆ ಬಾಡಿದ ಹೂವನ್ನೂ ಕಿತ್ತೆವು. ಅಪ್ಪ ಮತ್ತೆಂದೂ ಮೊಗ್ಗನ್ನು ಕೊಯ್ಯದೆ ಬಿಡಲಿಲ್ಲ. ವರ್ಷಗಳ ಮೇಲೆ ರಜೆಗೆ ಬಂದ ಅಕ್ಕನಿಗೆ ಆ ಸಂಜೆಯ ಬಗ್ಗೆ ಹೇಳಿದಾಗ ಅವಳು ನಕ್ಕಳು: "ನಾನು ಹೋದದ್ದಕ್ಕೆ ಗಿಡಗಳಿಗೆ ಅಷ್ಟು ಖುಷಿಯಾ?" ಈಗ ಅವಳೂ ಇಲ್ಲ, ಅಪ್ಪನೂ ಇಲ್ಲ. ಅಪ್ಪ ಸ್ವರ್ಗದಲ್ಲಿ ಲೆಕ್ಕ ಒಪ್ಪಿಸುವಾಗ ಆ ಬೆಳಗನ್ನು ಯಾವುದಕ್ಕೆ ಸೇರಿಸಿದರೋ. ಹಾಳಾದ ಸಮಯಕ್ಕಂತೂ ಅಲ್ಲ ಎಂದು ನಂಬಿದ್ದೇನೆ. ಅವರು ಬದುಕಿಡೀ ದುಡಿದು ಉಳಿಸಿದ ಸಮಯವನ್ನು ನಮಗಾಗಿ ಖರ್ಚು ಮಾಡಿದ್ದು ಅಂದೇ ಅಲ್ಲವೇ?

ಮಕ್ಕಳೇ, ಮಣಿಪಾಲದ ಈ ಫ್ಲ್ಯಾಟಿನಲ್ಲಿ ನೀವು ಸಮಯ ಹಾಳು ಮಾಡುತ್ತೀರಿ ಎಂದು ನಾನು ದೂರಲಾರೆ. ಶಾಲೆ, ಟ್ಯೂಷನ್, ಕರಾಟೆ, ಭಾನುವಾರ ಇಗರ್ಜಿಯ ಕ್ಲಾಸು. ನಾವು ಮೊಗ್ಗಿನ ಹಿಂದೆ ಓಡಿದ್ದಕ್ಕಿಂತ ನಿಮ್ಮ ಓಟ ಜೋರು. ನಿಮಗೆ ಹೂ ಬೇಕಾದರೆ ಉಡುಪಿಯ ಅಂಗಡಿಯಲ್ಲಿ ಸಿಗುತ್ತದೆ. ನಿಮ್ಮಲ್ಲಿ ಯಾರೋ ಒಬ್ಬರು ನಿನ್ನೆ ಬ್ಯಾಗು ಹೆಗಲಿಗೇರಿಸುತ್ತ, "ಅಜ್ಜ, ಇಡೀ ದಿನ ಬಾಲ್ಕನಿಯಲ್ಲಿ ಕೂತು ಬೋರ್ ಆಗುವುದಿಲ್ವಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ಲಿಫ್ಟಿನೊಳಗೆ ಹೋಗಿಯಾಗಿತ್ತು.

ಆಗ್ತದೆ ಮಗಾ. ತುಂಬ ಆಗ್ತದೆ. ಇಲ್ಲಿ ಇನ್ನೊಂದು ಕುರ್ಚಿ ಉಂಟು.